ಡೆಲ್ಫಿಯಾ ಹುಡುಕಿದ ಪುಟ್ಟ ಗೋರಿ

ನಮ್ಮ ಹಾರ್ಲೋ ಕೌಂಟಿಯಲ್ಲಿ ಸತ್ತವರ ವಿಷಯ ಬೇಕಾದರೆ ಕಚೇರಿಗೆ ಹೋಗಿ ಪ್ರಯೋಜನವಿಲ್ಲ. ಅದು ಎರಡು ಸಲ ಸುಟ್ಟುಹೋಗಿ ಹಳೆಯ ದಾಖಲೆಗಳೆಲ್ಲ ಬೂದಿಯಾಗಿವೆ. ಡೆಲ್ಫಿಯಾ ಕೋಂಬ್ಸಳನ್ನು ಕೇಳಬೇಕು. ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ ಮೆಕ್ಕೆಜೋಳದ ಬ್ರೆಡ್ಡು ಬೇಯಿಸುವ ಈ ಹೆಂಗಸು ಶನಿವಾರ ಬಂತೆಂದರೆ ಬಕೆಟ್ಟು, ಬ್ರಷ್ಷು, ಒಂದು ಕನ್ನಡಿ ಹಿಡಿದು ಗುಡ್ಡ ಹತ್ತುತ್ತಾಳೆ. ಕನ್ನಡಿಯಿಂದ ಗೋರಿಕಲ್ಲಿನ ಮೇಲೆ ಓರೆಯಾಗಿ ಬಿಸಿಲು ಬಿಟ್ಟರೆ ಸವೆದ ಅಕ್ಷರಗಳು ನಿಧಾನವಾಗಿ ಎದ್ದು ಬರುತ್ತವೆ. ಅವನ್ನು ಓದಿ ಊರಿನ ವಂಶಾವಳಿಗೆ ಸೇರಿಸುತ್ತಾಳೆ. ನಾನು ಸ್ಮಶಾನಗಳ ಹುಲ್ಲು ಕೊಯ್ಯುವವನು, ಹಾಗಾಗಿ ಅವಳ ಬಿಟ್ಟಿ ಚಾಕರಿಗೆ ಸಿಕ್ಕಿಬಿದ್ದಿದ್ದೇನೆ.

ಮಂಜು ಇಳಿದ ಬೆಳಗಿನಲ್ಲಿ ಅವಳ ಜೊತೆ ನಡೆದರೆ ಬದುಕಿರುವವರು ಯಾರು, ಇಲ್ಲದವರು ಯಾರು ಎಂಬುದೇ ಮರೆತುಹೋಗುತ್ತದೆ.

“ಇವ್ನು ಲವೆಲ್, ನೋಡು. ಬದುಕಿದ್ದಾಗ ಬಾಯಿ ಮುಚ್ಚಿದೋನಲ್ಲ. ಈಗ ಮೂರು ಹೆಂಡ್ತೀರ ಮಧ್ಯೆ ಉಸಿರೆತ್ತದೆ ಮಲಗಿದಾನೆ” ಎನ್ನುತ್ತಾಳೆ.

“ಅವನ್ನ ಬಿಡು ಮಾರಾಯ್ತಿ, ಹೊಟ್ಟೆ ತಾಳ ಹಾಕ್ತಿದೆ.”

“ಸತ್ತವ್ರಿಗಿರೋ ತಾಳ್ಮೆ ನಿಂಗಿಲ್ಲ, ಹೋಬಾರ್ಟ್.”

ಕಳೆದ ವಸಂತದಲ್ಲಿ ಓವಾ ಪೆನಿಂಗ್ಟನ್ ಹೇಳಿಕಳಿಸಿದಳು. ತೊಂಬತ್ತು ದಾಟಿದ ಮುದುಕಿ, ಹಾಸಿಗೆ ಹಿಡಿದಿದ್ದಳು. “ನನ್ನ ಮಗೂ ಪಕ್ಕ ನನ್ನ ಮಣ್ಣು ಮಾಡ್ಬೇಕು ಕಣೇ. ಎಲ್ಲಿದೆ ಅಂತ ಹುಡುಕ್ಕೊಡು” ಎಂದಳು.

ಅವಳ ಚೊಚ್ಚಲ ಹೆಣ್ಣುಮಗು ಹುಟ್ಟಿದ ವಾರದಲ್ಲೇ ಹೋಗಿತ್ತು. ಬಾಣಂತಿಯರು ಆಗ ಮಣ್ಣಿಗೆ ಹೋಗುತ್ತಿರಲಿಲ್ಲ. ಗಂಡ ಆರ್ಲಿಸ್ ಮಗುವನ್ನು ಎತ್ತಿಕೊಂಡು ಗುಡ್ಡ ಹತ್ತಿದವನು ಜಾಗ ಯಾವುದೆಂದು ಸಾಯುವವರೆಗೂ ಬಾಯಿ ಬಿಡಲಿಲ್ಲ. ಪ್ರತಿ ಮೇ ತಿಂಗಳಲ್ಲಿ ಗೋರಿಗಳಿಗೆಲ್ಲ ಹೂವಿಡುವ ಭಾನುವಾರ ಓವಾ ಹೆಸರಿಲ್ಲದ ಒಂದೊಂದು ಪುಟ್ಟ ಕಲ್ಲಿಗೂ ಒಂದೊಂದು ಕಾಗದದ ಹೂವಿಡುತ್ತಿದ್ದಳು. “ಯಾವ್ದಾದ್ರೂ ಒಂದು ನಂದೇ ಇರುತ್ತಲ್ಲ” ಎನ್ನುತ್ತಿದ್ದಳು.

ಪುಟ್ಟ ಕಲ್ಲುಗಳನ್ನೆಲ್ಲ ತೊಳೆದು ತೊಳೆದು ನಮ್ಮ ಕೈ ಸುಕ್ಕುಗಟ್ಟಿತು. ಕೊನೆಗೊಂದು ಬೆಳಿಗ್ಗೆ ಡೆಲ್ಫಿಯಾ ಬ್ರಷ್ಷು ಕೆಳಗಿಟ್ಟಳು.

“ನಾವೆಂಥ ಪೆದ್ದರು ನೋಡು. ಪುಟ್ಟ ಗೋರೀನೇ ಹುಡುಕ್ತಿದೀವಿ. ಅದೇ ವಾರ ಆ ಮನೇಲಿ ಇನ್ಯಾರಾದ್ರೂ ಹೆಂಗಸು ಸತ್ತಿದ್ರೆ?”

ನಮ್ಮ ಕಡೆ ಹಾಗೊಂದು ರೂಢಿಯಿತ್ತು. ಮನೆಯ ಹೆಂಗಸಿನ ಗುಂಡಿ ಇನ್ನೂ ಮುಚ್ಚಿರದಿದ್ದರೆ ಕೂಸನ್ನು ಅವಳ ತೋಳಿನಲ್ಲೇ ಮಲಗಿಸುತ್ತಿದ್ದರು, ಒಂಟಿಯಾಗದಿರಲಿ ಎಂದು. ವಂಶಾವಳಿ ತೆಗೆದು ನೋಡಿದರೆ ಓವಾಳ ಅತ್ತೆ ಜೆರೂಷಾ ತೀರಿಕೊಂಡದ್ದು ಅದೇ ವಾರ. ಅವಳ ಕಲ್ಲು ಅರ್ಧ ಹೂತುಹೋಗಿತ್ತು. ನಾನು ಬುಡದ ಮಣ್ಣು ತೆಗೆದೆ, ಡೆಲ್ಫಿಯಾ ಕನ್ನಡಿ ಹಿಡಿದಳು. ತೀರಾ ಕೆಳಗೆ, ಆರ್ಲಿಸ್‌ನ ಸೊಟ್ಟ ಕೆತ್ತನೆಯಲ್ಲಿ, “ತೋಳಲ್ಲಿ ಮಗು” ಎಂದಿತ್ತು.

ಜೆರೂಷಾಳಿಗೂ ಓವಾಳಿಗೂ ಹಾವು ಮುಂಗುಸಿ ಸಂಬಂಧ. ಸತ್ತ ಮೇಲೂ ಅತ್ತೆಯ ಹೆಸರೆತ್ತಿದರೆ ಆ ಮನೆಯಲ್ಲಿ ತಟ್ಟೆ ಹಾರುತ್ತಿತ್ತು. ಪಾಪ, ಆರ್ಲಿಸ್ ಬಾಯಿ ಮುಚ್ಚಿಕೊಂಡಿರದೆ ಇನ್ನೇನು ಮಾಡಿಯಾನು? ಅಷ್ಟೂ ವರ್ಷ ಓವಾ ಹೂವಿಡುವ ದಿನ ಆ ಗೋರಿಯತ್ತ ಕಾಲೂ ಇಟ್ಟಿರಲಿಲ್ಲ.

“ಹೇಳ್ಬೇಡ ಕಣೇ. ಯಾವ್ದೋ ಪುಟ್ಟ ಕಲ್ಲು ತೋರಿಸಿಬಿಡು, ಮುದುಕಿ ನೆಮ್ಮದಿಯಾಗಿ ಹೋಗ್ಲಿ” ಎಂದೆ.

“ಬೇರೆಯವ್ರ ಮಗೂ ಪಕ್ಕ ಮಲಗಿಸ್ಲಾ ಅವಳನ್ನ?” ಎಂದಳು ಡೆಲ್ಫಿಯಾ.

ಓವಾಳ ಹಾಸಿಗೆಯ ಬಳಿ ಕೂತು ಇದ್ದದ್ದು ಇದ್ದಹಾಗೆ ಹೇಳಿದಳು. ಮುದುಕಿ ಗೋಡೆಯ ಕಡೆ ಹೊರಳಿಕೊಂಡಳು. ಕಿಟಕಿಯಾಚೆ ಮಂಜು ಗುಡ್ಡವನ್ನು ಮುಚ್ಚುತ್ತ, ಬಿಡುತ್ತ ಇತ್ತು. ನಾನು ಮನಸ್ಸಿನಲ್ಲೇ ಡೆಲ್ಫಿಯಾಳಿಗೆ ಶಾಪ ಹಾಕುತ್ತಿದ್ದೆ.

“ಅವಳ ಕೈಯಲ್ಲೇ ಇದೆಯಾ?” ಎಂದಳು ಓವಾ, ಗೋಡೆ ನೋಡುತ್ತಲೇ.

“ಹೌದಜ್ಜಿ.”

“ಅವತ್ತಿಂದ ಕೆಳಗೇ ಇಳಿಸಿಲ್ವಾ?”

“ಇಲ್ಲ.”

ಓವಾ ಅತ್ತಳು, ಆಮೇಲೆ ಹೊದಿಕೆಯ ತುದಿಯಿಂದ ಮೂಗೊರೆಸಿಕೊಂಡಳು.

“ಆ ಮುದುಕೀಗೆ ಕೈ ಸೋತಿರುತ್ತೆ ಕಣೇ. ನನ್ನ ಅಲ್ಲೇ ಮಲಗಿಸಿ. ಇನ್ಮೇಲೆ ನಾನು ಎತ್ಕೋತೀನಿ.”