ಫ್ರೆಂಚ್‌ನಲ್ಲಿ ಉಣ್ಣುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಹೊಲಿಗೆ ಮಷೀನು ಅಡುಗೆಮನೆಯ ಬಾಗಿಲಲ್ಲೇ ಇದೆ. ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಒಲೆಯ ಮೇಲೆ. ಇಂಥವಳು ಒಂದು ದಿನ ಇದ್ದಕ್ಕಿದ್ದಂತೆ ಫ್ರೆಂಚ್ ಕ್ಲಾಸಿಗೆ ಸೇರಿಬಿಟ್ಟಳು.

"ಫ್ರೆಂಚ್ ಕಲಿತು ಯಾವ ರಾಜ್ಯ ಆಳ್ಬೇಕಂತೆ?" ಎಂದರು ಚಿಕ್ಕಪ್ಪ. ಅವರು ಗೋದಾಮಿನ ಸೂಪರ್‌ವೈಸರ್, ಮನೆಯನ್ನೂ ಗೋದಾಮು ಎಂದುಕೊಂಡ ಮಹಾನುಭಾವರು. ಇವತ್ತು ಏನಡುಗೆ, ಯಾರಿಗೆ ಎಷ್ಟು, ಎಲ್ಲಕ್ಕೂ ಅವರದೇ ಹುಕುಂ.

ಕ್ಲಾಸು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ನಾನೊಮ್ಮೆ ಹೋದಾಗ ಹೋಟೆಲಿನ ಪಾಠ ನಡೆಯುತ್ತಿತ್ತು. ಮೇಷ್ಟ್ರು ತೋಳಿಗೆ ಬಿಳಿ ಟವೆಲು ಹಾಕಿಕೊಂಡು, ಬಾಗಿ, "ವೂ ಝಾವೇ ಶ್ವಾಝೀ, ಮದಾಮ್?" ಎಂದರು. ಏನು ಬೇಕು ಅಂತ ತೀರ್ಮಾನ ಮಾಡಿದ್ರಾ, ಎಂದರ್ಥವಂತೆ. ಖಾಲಿ ಪ್ಲಾಸ್ಟಿಕ್ ತಟ್ಟೆಯ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತ ಚಿಕ್ಕಮ್ಮ ಇನ್ನೂ ಇಲ್ಲ ಎಂದಳು. ಮೇಷ್ಟ್ರು ಕಾದರು. ಅಬ್ಬಾ, ಅವಳ ಮುಖದ ಕಳೆ ನೋಡಬೇಕಿತ್ತು! ಪರೀಕ್ಷೆಯಲ್ಲಿ ಎರಡು ಸಲ ಬೇಕಂತಲೇ ಫೇಲಾಗಿದ್ದಾಳೆ. ಪಾಸಾದರೆ ಮುಂದಿನ ಪುಸ್ತಕದಲ್ಲಿ ಹೋಟೆಲಿಲ್ಲ, ಬರೀ ಅಂಚೆ ಕಚೇರಿ.

ಮನೆಯಲ್ಲಿ ಬಡಿಸುತ್ತಾ "ಬೊನಪೆತೀ" ಅನ್ನುವಳು. ಸುಖವಾಗಿ ಉಣ್ಣಿ ಎಂಬ ಹಾರೈಕೆ. "ಹ್ಞೂ ಹ್ಞೂ, ಉಪ್ಪು ಕೊಡು," ಅನ್ನುವರು ಚಿಕ್ಕಪ್ಪ. ಆದರೆ ಆಫೀಸಿನವರು "ನಿಮ್ಮ ಮನೆಯವರು ಫ್ರೆಂಚ್ ಕಲೀತಾರಂತೆ!" ಎಂದು ಹುಬ್ಬೇರಿಸಿದ್ದೇ ತಡ, ಇವರ ಎದೆ ಉಬ್ಬಿತು. ತಮಗೆ ಬಡ್ತಿ ಸಿಕ್ಕಿದ ಖುಷಿಗೆ ಆಫೀಸಿನವರನ್ನೆಲ್ಲ, ಜೊತೆಗೆ ನಮ್ಮನ್ನೂ, ದೊಡ್ಡ ಹೋಟೆಲಿಗೆ ಕರೆದರು. ಅಲ್ಲಿ ಫ್ರೆಂಚ್ ಇದ್ದದ್ದು ಹೆಸರಿನ ಬೋರ್ಡಿನ ಮೇಲೆ ಮಾತ್ರ.

"ಈ ಸಲ ನನ್ನ ತಟ್ಟೆಗೆ ಏನು ಅಂತ ನಾನೇ ಹೇಳ್ತೀನಿ ಕಣೇ," ಎಂದು ದಾರಿಯಲ್ಲಿ ಚಿಕ್ಕಮ್ಮ ನನ್ನ ಕೈ ಹಿಸುಕಿದಳು. ಒಳಗೆ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಚಿಕ್ಕಪ್ಪ, "ಎಲ್ಲರಿಗೂ ಕೋಳಿ," ಎಂದಾಗಿತ್ತು. ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿ, ವೇಟರನ್ನೇ ನೋಡುತ್ತಾ ಹೇಳಿದಳು: "ಪಾ ದ ಪೂಲೇ ಪೂರ್ ಮ್ವಾ. ಝ ವೂದ್ರೇ ಲ ಪ್ವಾಸೋಂ, ಸಿಲ್ ವೂ ಪ್ಲೇ."

ವೇಟರ್ ಕಣ್ಣು ಕಣ್ಣು ಬಿಟ್ಟ. ಆಫೀಸಿನವರು ಚಪ್ಪಾಳೆ ತಟ್ಟಿದರು. "ಹೆಂಗೆ ನಮ್ಮವಳು!" ಎಂದು ಚಿಕ್ಕಪ್ಪ ಹಿಗ್ಗಿ ಹೀರೇಕಾಯಿಯಾದರು. "ಇನ್ನೊಂದ್ಸಲ ಹೇಳು, ಕೇಳ್ಲಿ." ಹೇಳಿದಳು. ಮತ್ತೆ ಚಪ್ಪಾಳೆ. ಹಾಗಂದರೆ ಏನು ಅಂತ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ವೇಟರ್ ತಲೆ ಕೆರೆದುಕೊಂಡಾಗ ಚಿಕ್ಕಪ್ಪ, "ಅವಳಿಗೂ ಕೋಳಿನೇ ತಾರಪ್ಪ," ಎಂದರು.

ಬಂತು. ತಿಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕೈ ತೊಳೆಯುವಾಗ ತಡೆಯಲಾರದೆ ಕೇಳಿದೆ, "ಚಿಕ್ಕಮ್ಮ, ನೀನು ಹೇಳಿದ್ದೇನು?"

"ನಂಗೆ ಕೋಳಿ ಬೇಡ, ಮೀನು ಬೇಕು ಅಂತ."

"ಅಯ್ಯೋ ದೇವರೇ! ಅದನ್ನ ನಮ್ಮ ಮಾತಲ್ಲೇ ಹೇಳ್ಬಾರದಿತ್ತಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ನಮ್ಮ ಮಾತಲ್ಲಿ ಹೇಳಿ ಹೇಳಿ ಸಾಕಾಗಿ ತಾನೇ ಕಣೇ, ಇದನ್ನ ಕಲಿತಿದ್ದು."