ಬಾಗಿಲು ತಡೆದ ಸುವರ್ಣಮ್ಮ

ಮಲವಗೊಪ್ಪದ ಸುವರ್ಣಮ್ಮ ಕೋಪ ಬಂದರೆ ಕೂಗಾಡುವವಳಲ್ಲ. ಕೂಗಾಡುವವರ ಕೋಪ ಗಂಟಲಿನಲ್ಲೇ ಮುಗಿದುಹೋಗುತ್ತದೆ. ಇವಳದು ಹೊಟ್ಟೆಯಲ್ಲಿ ಕೂತು ಸಮಯ ಕಾಯುವ ಜಾತಿ. ಪಕ್ಕದ ಮನೆಯವರು ಬೇಲಿಯನ್ನು ಒಂದು ಮೊಳ ಈಚೆಗೆ ಒತ್ತಿ ಹಾಕಿದಾಗ ಆರು ವರ್ಷ ತುಟಿ ಬಿಚ್ಚಲಿಲ್ಲ. ಏಳನೆಯ ವರ್ಷ ಅವರ ಮಗನ ಮದುವೆಗೆ ಚಪ್ಪರ ಹಾಕಲು ಜಾಗ ಸಾಲದೆ ಇವಳ ಅಂಗಳ ಕೇಳಲು ಬಂದರು. ಮೊದಲು ಬೇಲಿ ಹಿಂದಕ್ಕೆ ಹೋಗಲಿ, ಆಮೇಲೆ ಚಪ್ಪರದ ಮಾತು ಎಂದಳು. ಮದುವೆಯ ಕೆಲಸ ಬಿಟ್ಟು ಆ ಮನೆಯ ಗಂಡಸರೆಲ್ಲ ಎರಡು ದಿನ ಬೇಲಿ ಕಿತ್ತರು.

ಇಂಥವಳಿಗೆ ಮೋಸ ಮಾಡಿದವನು ಬೇರೆ ಯಾರೂ ಅಲ್ಲ, ಅವಳೇ ಸಾಕಿದ ತಮ್ಮ ಶೇಷಪ್ಪ. ತಾಯಿ ಸತ್ತಾಗ ಅವನಿನ್ನೂ ತೊಟ್ಟಿಲ ಕೂಸು, ಸುವರ್ಣಮ್ಮನಿಗೆ ಹದಿನಾಲ್ಕು. ತಮ್ಮನನ್ನು ಬಿಟ್ಟು ಗಂಡನ ಮನೆಗೆ ಹೋಗುವುದಿಲ್ಲವೆಂದು ಹಟ ಹಿಡಿದಳು. ಹಾಗಾಗಿ ಗಂಡ ಕರಿಯಣ್ಣನೇ ಮನೆಯಳಿಯನಾಗಿ ಬಂದು ಗದ್ದೆ ನೋಡಿಕೊಂಡು ಇದ್ದುಬಿಟ್ಟ. ಅವನು ಹೆಚ್ಚು ಮಾತಾಡುವ ಮನುಷ್ಯನಲ್ಲ, ಆ ಮನೆಯಲ್ಲಿ ಅದರ ಅಗತ್ಯವೂ ಬೀಳಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮಗಳು ಪುಟ್ಟಲಕ್ಷ್ಮಿ ಹುಟ್ಟಿದಾಗ, ಈ ಹುಡುಗಿ ಸೋದರಮಾವನಿಗೇ ಎಂದು ನಾಮಕರಣದ ದಿನವೇ ನೆಂಟರೆದುರು ಎಲೆ ಅಡಿಕೆ ಹಂಚಿ ಮಾತು ಗಟ್ಟಿ ಮಾಡಿದಳು. ಶೇಷಪ್ಪ ಆಗ ಆ ಎಲೆಯನ್ನು ಬಾಯಿಗೆ ಹಾಕಿಕೊಂಡು ನಾಲಿಗೆ ಕೆಂಪಾಯಿತೇ ಎಂದು ಎಲ್ಲರಿಗೂ ತೋರಿಸುತ್ತಾ ಓಡಾಡಿದ್ದ.

ಓದಿನಲ್ಲಿ ಚುರುಕಾಗಿದ್ದ ಅವನು ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದ. ಕುಲುಮೆಯ ಕೆಲಸ ಕಲಿತುಬರಲೆಂದು ಜರ್ಮನಿಗೂ ಹೋದ. ಅಲ್ಲಿಂದ ಬಂದ ಒಂದೊಂದು ಕಾಗದದಲ್ಲೂ ಮದುವೆಯ ಮಾತಿಗೆ ಒಂದೇ ಉತ್ತರ: ಬಂದ ಮೇಲೆ ನೋಡೋಣ. ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯ ಶ್ರಾವಣದಲ್ಲಿ ಬಂದ. ಜೊತೆಗೆ ಮಾರ್ಥಾ ಎಂಬ ಬಿಳಿ ಹೆಂಡತಿಯೂ ಬಂದಳು.

ಸುವರ್ಣಮ್ಮ ಅವರಿಬ್ಬರನ್ನು ಜಗಲಿಯ ಮೇಲೆ ಕೂರಿಸಿ, ನೀರು ಬೆಲ್ಲ ಕೊಟ್ಟು, ಬಂದ ಗಾಡಿಯಲ್ಲೇ ವಾಪಸ್ಸು ಕಳಿಸಿದಳು. ಆರತಿ ಎತ್ತಲಿಲ್ಲ, ಹೊಸ್ತಿಲು ದಾಟಿಸಲಿಲ್ಲ. ಹೊಸ್ತಿಲು ದಾಟಿ ಬಾರದವಳು ಈ ಮನೆಯ ಸೊಸೆ ಹೇಗಾದಾಳು ಎಂದು ನೆಂಟರಿಷ್ಟರೂ ಅಂದುಕೊಂಡರು. ದಂಪತಿಗಳು ಭದ್ರಾವತಿಯ ಕಾರ್ಖಾನೆಯ ಮನೆಯೊಂದರಲ್ಲಿ ಸಂಸಾರ ಹೂಡಿದರು.

ಅಲ್ಲಿಗೇ ನಿಂತಿದ್ದರೆ ಸುವರ್ಣಮ್ಮ ಹಲ್ಲು ಕಚ್ಚಿ ಸಹಿಸುತ್ತಿದ್ದಳೇನೋ. ನಿನಗಿಂತ ಒಳ್ಳೆಯ ಗಂಡು ತರುತ್ತೇನೆ ಎಂಬ ಛಲಕ್ಕೆ ಮಗಳಿಗೆ ಬೇರೆ ಕಡೆ ನೋಡತೊಡಗಿದಳು. ಸೋಗಾನೆಯವರು ಬಂದು ಹುಡುಗಿಯನ್ನು ಒಪ್ಪಿ ಊಟ ಮಾಡಿ ಹೋದರು. ವಾರ ಕಳೆಯುವುದರೊಳಗೆ ಬೇಡವೆಂದು ಹೇಳಿಕಳಿಸಿದರು. ಹುಡುಗಿಗೆ ಮೂರ್ಛೆ ರೋಗವಂತೆ, ಅದಕ್ಕೇ ಸೋದರಮಾವನೂ ಬಿಟ್ಟನಂತೆ ಎಂಬ ಸುದ್ದಿ ಹಬ್ಬಿತ್ತು. ಕಟ್ಟಿಗೆ ಕೊಡಲಿಯಿಂದ ಸೌದೆ ಸೀಳುವ, ಮೂಗಿಗೆ ನೆಗಡಿ ಬಂದರೂ ನಾಚಿಕೊಳ್ಳುವ ಹದಿನೇಳರ ಹುಡುಗಿಗೆ ಮೂರ್ಛೆಯಂತೆ. ಎರಡನೆಯ ಗಂಡೂ ಅದೇ ಕಾರಣಕ್ಕೆ ತಪ್ಪಿತು. ಸುದ್ದಿ ಬಂದದ್ದು ಭದ್ರಾವತಿಯ ಕಡೆಯಿಂದ ಎಂಬುದಷ್ಟೇ ಗೊತ್ತಾಯಿತು. ಹುಟ್ಟಿಸಿದವಳು ಆ ದೊರೆಸಾನಿಯೇ ಎಂದು ಸುವರ್ಣಮ್ಮ ತೀರ್ಮಾನ ಮಾಡಿಬಿಟ್ಟಳು. ಅವತ್ತಿನಿಂದ ಮಾರ್ಥಾಳ ಹೆಸರು ಹೇಳಿಕೊಂಡೇ ಒನಕೆ ಎತ್ತಿ ಭತ್ತ ಕುಟ್ಟಿದಳು.

ಡಿಸೆಂಬರಿನಲ್ಲಿ ಓಬಯ್ಯ ಒಂದು ಸುದ್ದಿ ತಂದ. ಇವನು ಮಲವಗೊಪ್ಪದವನೇ, ಕಾರ್ಖಾನೆಗೆ ಗಾಡಿಯಲ್ಲಿ ಇದ್ದಿಲು ಹೊಡೆಯುತ್ತಿದ್ದ. ಕ್ರಿಸ್‌ಮಸ್ ಬರುತ್ತಿದೆಯಂತೆ. ಮಾರ್ಥಾಳ ಊರಿನಲ್ಲಿ ಆಗ ಕೆರೆಯ ನೀರೆಲ್ಲ ಗಡ್ಡೆ ಕಟ್ಟಿರುತ್ತದಂತೆ, ಮನೆಮಂದಿಯೆಲ್ಲ ಒಂದೇ ಕಡೆ ಕೂತು ಉಣ್ಣುತ್ತಾರಂತೆ. ಇಲ್ಲಿ ಬಿಸಿಲಿನಲ್ಲಿ ಒಬ್ಬಳೇ ಕೂತು ಹೇಗೆ ಹಬ್ಬ ಮಾಡಲಿ, ಗಂಡನ ಮನೆಯವರೇ ಈಗ ನನ್ನವರು, ಅವತ್ತು ಅಲ್ಲಿಗೆ ಬರಲೇ ಎಂದು ಕೇಳಿಕಳಿಸಿದ್ದಳು.

ಬರಲಿ, ಖಂಡಿತ ಬರಲಿ ಎಂದಳು ಸುವರ್ಣಮ್ಮ. ಇಷ್ಟು ಬೇಗ ಅವಳು ಯಾವುದಕ್ಕೂ ಒಪ್ಪಿದ್ದನ್ನು ಕಂಡಿರದ ಕರಿಯಣ್ಣ, ಕೈಯಲ್ಲಿದ್ದ ಬೀಡಿ ಹಚ್ಚುವುದನ್ನೂ ಮರೆತು ಹೆಂಡತಿಯ ಮುಖ ನೋಡಿದ.

ನಮ್ಮ ಕಡೆ ಒಂದು ಶಾಸ್ತ್ರವಿದೆ. ತಮ್ಮನಾದವನು ಹೊಸ ಹೆಂಡತಿಯನ್ನು ಮನೆಗೆ ತಂದಾಗ ಅಕ್ಕ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ನಿನಗೆ ಹುಟ್ಟುವ ಮಗಳನ್ನು ನನ್ನ ಮಗನಿಗೆ ಕೊಡುತ್ತೇನೆಂದರೆ ಬಿಡುತ್ತೇನೆ ಎನ್ನುತ್ತಾಳೆ. ಸೊಸೆ ತಲೆ ತಗ್ಗಿಸಿ ಆಗಲಿ ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನಗೆಯಾಟವೇ ಹೌದು, ಆದರೂ ಹಿರಿಯರೆದುರು ಹೊಸ್ತಿಲಲ್ಲಿ ಕೊಟ್ಟ ಮಾತನ್ನು ಯಾರೂ ಸುಲಭಕ್ಕೆ ಮುರಿಯುವುದಿಲ್ಲ. ಸುವರ್ಣಮ್ಮ ಈ ಶಾಸ್ತ್ರವನ್ನೇ ಹಿಡಿದುಕೊಂಡಳು. ದೊರೆಸಾನಿ ಬಾಗಿಲಿಗೆ ಬಂದಾಗ ಅಡ್ಡ ನಿಲ್ಲಬೇಕು, ಪುಟ್ಟಲಕ್ಷ್ಮಿಯನ್ನು ನಿನ್ನ ಗಂಡನಿಗೆ ತಂದುಕೊಳ್ಳಲು ಒಪ್ಪು ಎನ್ನಬೇಕು. ಒಪ್ಪಿದರೆ ಶೇಷಪ್ಪ ತಪ್ಪಿಸಿಕೊಳ್ಳುವಂತಿಲ್ಲ. ಒಪ್ಪದಿದ್ದರೆ ಇಪ್ಪತ್ತು ಜನರೆದುರು ಹಬ್ಬದ ದಿನ ಬಾಗಿಲಿನಿಂದ ಹಿಂದಕ್ಕೆ ಹೋಗಲಿ. ಎರಡರಲ್ಲಿ ಯಾವುದಾದರೂ ಸರಿ, ಕಣ್ಣಲ್ಲಿ ನೀರು ಬಂದರೆ ಸಾಕು. ಮಗಳನ್ನು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಸೇಡು ತಲೆಗೇರಿದವರಿಗೆ ಎದುರಿಗಿರುವವರೊಬ್ಬರೇ ಕಾಣುತ್ತಾರೆ, ಪಕ್ಕದಲ್ಲಿರುವವರು ಕಾಣುವುದಿಲ್ಲ.

ಶಿವಮೊಗ್ಗದ ಕೋಟೆಯಿಂದ ದೊಡ್ಡಪ್ಪ ಸಿದ್ದಯ್ಯನನ್ನು ಜಟಕಾ ಕಳಿಸಿ ಕರೆಸಿದಳು. ಮನೆತನದಲ್ಲಿ ಉಳಿದಿದ್ದ ಹಿರಿಯ ಅವನೊಬ್ಬನೇ, ಕಿವಿ ಸ್ವಲ್ಪ ಮಂದ. ಮಗಳನ್ನು ಬೇಡವೆಂದ ಸೋಗಾನೆಯವರನ್ನೂ ಬಿಡದೆ ಕರೆದಳು. ಅವರೂ ನಾಚಿಕೆಯಿಲ್ಲದೆ ಬಂದರು. ಕಡುಬು, ಕೋಳಿಸಾರಿನ ವಾಸನೆ ರಸ್ತೆಯವರೆಗೂ ಹೋಗಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಓಬಯ್ಯನ ಗಾಡಿ ಬಂತು. ಶೇಷಪ್ಪನದು ಬೆಳಗಿನ ಪಾಳಿ, ಕುಲುಮೆಗೆ ಹಬ್ಬವಿಲ್ಲ, ಕೆಲಸ ಮುಗಿಸಿ ಬರುತ್ತಾನೆಂದು ತಿಳಿಯಿತು. ಮಾರ್ಥಾ ಒಬ್ಬಳೇ ಇಳಿದಳು. ತಾನೇ ಉಟ್ಟ ಕೆಂಪು ಸೀರೆಯ ನೆರಿಗೆ ಅರ್ಧ ಬಿಚ್ಚಿತ್ತು, ಮುಖ ಬಿಸಿಲಿಗೆ ಸೀರೆಗಿಂತ ಕೆಂಪಾಗಿತ್ತು. ಕೈಯಲ್ಲಿ ಒಂದು ಬುಟ್ಟಿ.

ಸುವರ್ಣಮ್ಮ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

ಮಾರ್ಥಾಳ ಕಣ್ಣು ಅರಳಿತು. ಈ ಶಾಸ್ತ್ರದ ವಿಷಯ ಶೇಷಪ್ಪ ಅವಳಿಗೆ ಹಡಗಿನಲ್ಲೇ ಹೇಳಿದ್ದನಂತೆ. ಶ್ರಾವಣದಲ್ಲಿ ಅತ್ತಿಗೆ ಬಾಗಿಲು ತಡೆಯಲಿಲ್ಲವಲ್ಲ, ನನ್ನನ್ನು ಮನೆಯವಳೆಂದು ಒಪ್ಪಲಿಲ್ಲವಲ್ಲ ಎಂದು ನಾಲ್ಕು ತಿಂಗಳು ಕೊರಗಿದ್ದ ಹೆಂಗಸು ಅವಳು. ತವರಿನಿಂದ ಇಷ್ಟು ದೂರದ ಮೊದಲ ಕ್ರಿಸ್‌ಮಸ್ಸಿನಲ್ಲಿ ಬಯಸಿದ್ದೇ ಸಿಕ್ಕಿತೆಂದುಕೊಂಡಳು. ಸುವರ್ಣಮ್ಮ ಪುಟ್ಟಲಕ್ಷ್ಮಿಯ ಹೆಸರೆತ್ತಿ, ನಿನ್ನ ಗಂಡನಿಗೆ ತಂದುಕೊಳ್ಳಲು ಒಪ್ಪು ಎನ್ನುತ್ತಿದ್ದಂತೆ, ಮಾರ್ಥಾ ಪೂರ್ತಿ ಕೇಳಿಸಿಕೊಳ್ಳದೆಯೇ ಸೆರಗು ತಲೆಗೆಳೆದು ತಲೆ ತಗ್ಗಿಸಿದಳು.

"ಆಗಲಿ ಅತ್ತಿಗೆ," ಎಂದಳು.

ಅಂಗಳದಲ್ಲಿ ಯಾರೂ ನಗಲಿಲ್ಲ. ಸಿದ್ದಯ್ಯ ಕಂಬಕ್ಕೆ ಒರಗಿದ್ದವನು ನೆಟ್ಟಗೆ ಕೂತ.

"ಎಂಥ ಕೆಲಸ ಮಾಡ್ದೆ ಮಾರಾಯ್ತಿ," ಎಂದ. "ಬಾಗಿಲು ತಡೆಯೋದು ಮನೆ ಸೊಸೇನ ಮಾತ್ರ. ಇಷ್ಟು ದಿನ ಇವಳು ಯಾರೂ ಅಲ್ಲ ಅಂತಿದ್ವಿ. ಈಗ ನೀನೇ ಸೊಸೆ ಮಾಡ್ಕೊಂಡೆ. ಮಾತೂ ತಗೊಂಡೆ. ಇನ್ನು ಇವಳು ದೊಡ್ಡವಳು, ನಿನ್ನ ಮಗಳು ಇವಳ ಸವತಿ."

ಸುವರ್ಣಮ್ಮನ ಕೈಗಳು ತಾವಾಗಿಯೇ ಕೆಳಗಿಳಿದವು. ಇಪ್ಪತ್ತೊಂಬತ್ತು ವರ್ಷ ಸಂಸಾರ ನಡೆಸಿದವಳಿಗೆ ಇಷ್ಟು ಸಣ್ಣ ವಿಷಯ ತಿಳಿಯದೆ ಹೋಯಿತೇ ಎಂದು ತನ್ನ ಮೇಲೇ ಅಸಹ್ಯವಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪುಟ್ಟಲಕ್ಷ್ಮಿ ತಾಯಿಯನ್ನು ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲು ನನ್ನಿಂದಾಗದು. ಮಾರ್ಥಾ ಬಲಗಾಲಿಟ್ಟು ಒಳಗೆ ಬಂದಳು.

ಏನಾಯಿತೆಂದು ತಿಳಿಯದ ಅವಳು ಹಬ್ಬದ ಉಡುಗೊರೆ ಹಂಚತೊಡಗಿದಳು. ಸುವರ್ಣಮ್ಮನಿಗೆ ಕೈಯಾರೆ ಹೆಣೆದ ಶಾಲು, ಕರಿಯಣ್ಣನಿಗೆ ಚಾಕು. ಪುಟ್ಟಲಕ್ಷ್ಮಿಯ ಕೈಗೆ ಮಾತ್ರ ಒಂದು ಪೆಟ್ಟಿಗೆ ಕೊಟ್ಟು ಅವಳ ತಲೆ ಸವರಿದಳು. ಪೆಟ್ಟಿಗೆಯಲ್ಲಿ ಹತ್ತಿಯ ನಡುವೆ ಒಂದು ಔಷಧಿಯ ಸೀಸೆಯಿತ್ತು. ಜರ್ಮನಿಯಲ್ಲಿ ಡಾಕ್ಟರಾಗಿದ್ದ ತನ್ನ ಅಣ್ಣನಿಗೆ ಬರೆದು ತರಿಸಿದ್ದಂತೆ.

"ದಿನಾ ಎರಡು ಚಮಚ," ಎಂದಳು ನಿಧಾನವಾಗಿ ಪದ ಹುಡುಕುತ್ತಾ. "ಮೂರ್ಛೆ ಕಡಿಮೆ ಆಗುತ್ತೆ. ಪಾಪ, ಚಿಕ್ಕವಳಿಂದ ಕಾಯಿಲೆ ಅಂತ ಇವರು ಹೇಳಿದರು. ಕಾರ್ಖಾನೆಯಲ್ಲೂ ಎಲ್ಲರಿಗೂ ಹೇಳಿ ಬೇಸರ ಮಾಡಿಕೊಳ್ಳುತ್ತಾರೆ. ಕೇಳಿದವರಿಗೆ ನಾನೂ ಅದನ್ನೇ ಹೇಳಿದೆ."

"ನಂಗೆ ಯಾವತ್ತು ಮೂರ್ಛೆ ಬಂದಿತ್ತು?" ಎಂದು ಪುಟ್ಟಲಕ್ಷ್ಮಿ ಕೇಳಿದಳು.

ಮಾರ್ಥಾ ಅವಳ ಮುಖ ನೋಡಿದಳು, ಆಮೇಲೆ ಸುವರ್ಣಮ್ಮನ ಮುಖ ನೋಡಿದಳು. ಅವಳ ಕೆಂಪು ಮುಖ ನಿಧಾನಕ್ಕೆ ಬಿಳಿಚಿಕೊಂಡಿತು. ಸುವರ್ಣಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕೊಟ್ಟ ಮಾತು ಮುರಿದವನೆಂದು ಕಾರ್ಖಾನೆಯ ಜನ ಆಡಿಕೊಳ್ಳಬಾರದೆಂದು ಹೆತ್ತಮ್ಮನಂಥ ಅಕ್ಕನ ಮಗಳ ತಲೆಯ ಮೇಲೆ ರೋಗ ಕಟ್ಟಿದ್ದ ಆ ಪುಣ್ಯಾತ್ಮ. ಕಟ್ಟಿಕೊಂಡವಳಿಗೂ ಅದನ್ನೇ ಹೇಳಿ ನಂಬಿಸಿದ್ದ. ಇಷ್ಟು ದಿನ ಒನಕೆ ಬಿದ್ದದ್ದು ತಪ್ಪು ಹೆಸರಿನ ಮೇಲೆ.

ಸುವರ್ಣಮ್ಮ ಸಿದ್ದಯ್ಯನ ಹತ್ತಿರ ಹೋಗಿ, ಹೊಸ್ತಿಲಲ್ಲಿ ತೆಗೆದುಕೊಂಡ ಮಾತನ್ನು ನಾನೇ ಹಿಂದಕ್ಕೆ ಕೊಟ್ಟಿದ್ದೇನೆ, ಸೊಸೆ ಸೊಸೆಯಾಗಿಯೇ ಇರಲಿ, ನನ್ನ ಮಗಳು ಯಾರಿಗೂ ಸವತಿಯಲ್ಲ ಎಂದಳು. ಕಿವಿಗೆ ಬೀಳಲಿ ಎಂದು ಎರಡು ಸಲ ಹೇಳಿದಳು. ಯಾರಿಗೂ ಬಡಿಸಬೇಡಿ ಎಂದು ಅಡುಗೆಮನೆಗೆ ಕೂಗಿ ಹೇಳಿ, ಬಾಗಿಲ ಬಳಿ ಬಂದು ನಿಂತಳು.

ಎರಡೂವರೆಗೆ ಶೇಷಪ್ಪ ಸೈಕಲ್ ಮೇಲೆ ಬಂದ. ಅಂಗಳದ ತುಂಬ ಜನ, ಬಾಗಿಲಲ್ಲಿ ಕೈ ಚಾಚಿ ನಿಂತ ಅಕ್ಕ, ಒಳಗೆ ಕೆಂಪು ಸೀರೆಯ ಹೆಂಡತಿ. ಅವನ ಮುಖ ಗೆಲುವಾಯಿತು. ಬಾಗಿಲು ತಡೆದಳೆಂದರೆ ಒಪ್ಪಿದಳೆಂದೇ ಅವನೂ ತಿಳಿದ.

"ಏನು ಬೇಕು ಕೇಳಕ್ಕ, ಕೊಡ್ತೀನಿ," ಎಂದ.

"ಪುಟ್ಟಲಕ್ಷ್ಮಿಗೆ ಯಾವ ಕಾಯಿಲೇನೂ ಇಲ್ಲ, ಸುಳ್ಳು ಹುಟ್ಸಿದೋನು ನಾನು ಅಂತ ಹೇಳು. ಅಷ್ಟೇ ನನ್ನ ಶಾಸ್ತ್ರ."

ಅವನು ನಗಲು ನೋಡಿದ. ಒಳಗೆ ಹೋಗಿ ಮಾತಾಡೋಣ ಎಂದ. ಭಾವನನ್ನು ನೋಡಿದ, ಕರಿಯಣ್ಣ ಹೊಸ ಚಾಕುವಿನಿಂದ ಉಗುರು ಹೆರೆದುಕೊಳ್ಳುತ್ತಿದ್ದ, ಕತ್ತು ಎತ್ತಲಿಲ್ಲ. ಸುವರ್ಣಮ್ಮ ಒಂದಿಂಚೂ ಕದಲಲಿಲ್ಲ. ಹಸಿದ ಇಪ್ಪತ್ತು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಬಿಸಿಲು ಅವನ ಬೆನ್ನ ಮೇಲಿತ್ತು. ಕೊನೆಗೆ ನೆಲ ನೋಡುತ್ತಾ ಹೇಳಿದ.

"ದೊಡ್ಡಪ್ಪಂಗೆ ಕೇಳಿಸ್ಲಿಲ್ಲ," ಎಂದಳು ಸುವರ್ಣಮ್ಮ.

ಅವನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ. ಸೋಗಾನೆಯ ಯಜಮಾನ ಎದ್ದುಬಂದು, ಹಾಗಾದರೆ ನಮ್ಮ ಕಡೆಯ ಮಾತು ಮತ್ತೆ ಮುಂದುವರಿಸೋಣವೇ ಎಂದು ಹಲ್ಲು ಕಿರಿದ. ಊಟ ಮಾಡಿಕೊಂಡು ಹೋಗಿ, ನಿಮಗೆ ನಮ್ಮ ಹುಡುಗಿ ಇಲ್ಲ ಎಂದು ಸುವರ್ಣಮ್ಮ ಅವನತ್ತ ತಿರುಗದೆಯೇ ಹೇಳಿದಳು. ನಾಲ್ಕು ತಿಂಗಳಿಂದ ಎದೆಯಲ್ಲಿದ್ದ ಬೆಂಕಿಗೆ ಅವತ್ತು ಅನ್ನ ಸಿಕ್ಕಿತ್ತು. ಹೊಟ್ಟೆ ತಣ್ಣಗಾಯಿತೆಂದು ಮುಂದೆ ಅವಳೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ.

ಅವಳು ಕೈ ಇಳಿಸಿ ಪಕ್ಕಕ್ಕೆ ಸರಿದಳು. ಶೇಷಪ್ಪ ಕಾಲು ಎತ್ತಿದ. ಆಗ ಒಳಗಿನಿಂದ ಮಾರ್ಥಾ ಬಂದು, ಅತ್ತಿಗೆ ನಿಂತಿದ್ದ ಜಾಗದಲ್ಲೇ ನಿಂತು, ಎರಡೂ ಕೈ ಚಾಚಿದಳು.

"ಈಗ ನನಗೆ ಹೇಳಿ," ಎಂದಳು ಗಂಡನಿಗೆ. "ನಾಲ್ಕು ತಿಂಗಳು ನನ್ನ ಬಾಯಿಂದ ಆ ಸುಳ್ಳು ಯಾಕೆ ಹೇಳಿಸಿದಿರಿ?"

ಶೇಷಪ್ಪ ಸಹಾಯಕ್ಕೆಂದು ಅಕ್ಕನ ಕಡೆ ನೋಡಿದ. ಸುವರ್ಣಮ್ಮ ಅವನನ್ನು ನೋಡಲಿಲ್ಲ. ಒಳಗೆ ಹೋಗಿ, ಮಗಳಿಗೊಂದು, ಸೊಸೆಗೊಂದು, ತನಗೊಂದು ಎಲೆ ಹಾಕಿದಳು.