ನ್ಯೂಜಿಲೆಂಡಿನ ಮುಯ್ಯಾಳು

ಹಾಲು ಕರೆಯುವ ಕೆಲಸಕ್ಕೆ ನ್ಯೂಜಿಲೆಂಡಿಗೆ ಹೋಗುತ್ತೇನೆ ಎಂದು ನನ್ನ ಮೈದುನ ಹೇಳಿದಾಗ ನಾನು ನಂಬಲಿಲ್ಲ. ಹಾಲು ಕರೆಯುವುದಕ್ಕೆ ಯಾರಾದರೂ ವಿಮಾನ ಹತ್ತುತ್ತಾರೆಯೇ? ನಮ್ಮ ಕೊಟ್ಟಿಗೆಯಲ್ಲೇ ನನ್ನ ಗಂಡನದು ಎರಡು, ಅವನದು ಎರಡು, ಒಟ್ಟು ನಾಲ್ಕು ಸೀಮೆಹಸು ಇದ್ದವು. ಅವುಗಳ ಕೆಚ್ಚಲಿಗೆ ಅವನು ಕೈ ಹಾಕಿದ್ದನ್ನು ನೋಡಿದ್ದೇ ಅಪರೂಪ. ಬೆಳಿಗ್ಗೆ ನಾನು ಕರೆದಿಟ್ಟ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಊರ ಡೈರಿಗೆ ಹಾಕಿ ಬರುವುದೇ ಅವನ ಪಾಲಿನ ಹೈನುಗಾರಿಕೆ. ಅಂಥವನಿಗೆ ಅಲ್ಲಿ ಗಂಟೆಗೆ ಸಾವಿರ ರೂಪಾಯಿಯ ಮೇಲೆ ಕೊಡುತ್ತಾರಂತೆ. ಯಾವನೋ ಏಜೆಂಟು ಟೋಪಿ ಹಾಕುತ್ತಿದ್ದಾನೆ ಎಂದೇ ನಾನು ತಿಳಿದೆ.

ವೀಸಾ ಬಂತು. ಆಗ ನನ್ನ ಅನುಮಾನ ಏಜೆಂಟನನ್ನು ಬಿಟ್ಟು ಮೈದುನನ ಮೇಲೆ ತಿರುಗಿತು. ಹೊರಡುವ ಮುಂಚೆ ಅವನು ಹಸುಗಳನ್ನು ಮಾರಲಿಲ್ಲ. ಕೊಟ್ಟಿಗೆ ಬಾಗಿಲಲ್ಲಿ ನಿಂತು, "ಅತ್ಗೆ, ನನ್ ಎಲ್ಡು ಹಸೂನೂ ನಿಮ್ ಹಸುಗಳ ಜೊತ್ಗೇ ನೋಡ್ಕಳಿ. ಬೂಸಾ ದುಡ್ಡು ಮುರ್ಕಂಡು ಮಿಕ್ಕಿದ್ದನ್ನ ನನ್ ಖಾತೆಗೆ ಹಾಕ್ಸಿ. ನಿಮ್ ಕೆಲ್ಸಕ್ಕೆ ನಾ ಬಂದ್ಮೇಲೆ ಮುಯ್ಯಿ ತೀರಿಸ್ತೀನಿ" ಎಂದ.

ಮುಯ್ಯಿ ಎಂದರೆ ನನಗೆ ಹೊಸದೇನಲ್ಲ. ನನ್ನ ತವರು ನಾಗಮಂಗಲದ ಕಡೆ, ಮಳೆ ನಂಬಿದ ರಾಗಿಯ ಸೀಮೆ. ಅಲ್ಲಿ ಕೂಲಿ ಕೊಟ್ಟು ಕಳೆ ಕೀಳಿಸುವಷ್ಟು ದುಡ್ಡು ಯಾರ ಮನೆಯಲ್ಲೂ ಇರಲಿಲ್ಲ. ಇವತ್ತು ನಮ್ಮ ಹೊಲಕ್ಕೆ ನೀವು ಬನ್ನಿ, ನಾಳೆ ನಿಮ್ಮ ಹೊಲಕ್ಕೆ ನಾವು ಬರುತ್ತೇವೆ. ಅದು ಮುಯ್ಯಾಳು. ನನ್ನ ಅವ್ವ ಜ್ವರ ಬಂದರೂ ಮುಯ್ಯಿ ತಪ್ಪಿಸುತ್ತಿರಲಿಲ್ಲ. ಮದುವೆಯಾಗಿ ಅಕ್ಕಿಹೆಬ್ಬಾಳಿನ ಪಕ್ಕದ ಈ ಊರಿಗೆ, ಹೇಮಾವತಿಯ ನೀರು ಹರಿಯುವ ಗದ್ದೆಗಳ ನಡುವೆ ಬಂದರೂ ನಾಟಿಯ ಕಾಲದಲ್ಲಿ ಅದೇ ಪದ್ಧತಿ. ಆದರೆ ಹೊಳೆಯಾಚೆ ಹೋದವನೇ ಮುಯ್ಯಿ ಮರೆಯುವ ಕಾಲವಿದು. ಸಮುದ್ರ ದಾಟಿ ಹೋದವನು ತೀರಿಸುತ್ತಾನೆಯೇ? ಆ ವರ್ಷಗಳಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ ಪ್ರಶ್ನೆ. ಎರಡು ಹಸು ಹೆಚ್ಚಾದರೆ ಎಷ್ಟು ಸಗಣಿ, ಎಷ್ಟು ಹುಲ್ಲು, ಎಷ್ಟು ಮಣಿಕಟ್ಟು ನೋವು ಎಂಬುದು ಕರೆಯುವವರಿಗೆ ಮಾತ್ರ ಗೊತ್ತು.

ಅವನು ಹೋದ ಮೇಲೆ ಊರಿನವರಿಗೆಲ್ಲ ಗುಣಾಕಾರದ ಹುಚ್ಚು ಹಿಡಿಯಿತು. ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಗಂಡಸರೆಲ್ಲ ಡಾಲರನ್ನು ರೂಪಾಯಿಗೆ ತಿರುಗಿಸಿ, ಗಂಟೆಯನ್ನು ದಿನಕ್ಕೆ ಏರಿಸಿ, ದಿನವನ್ನು ತಿಂಗಳಿಗೆ ಹಿಗ್ಗಿಸಿ ಬಾಯಿ ಚಪ್ಪರಿಸುತ್ತಿದ್ದರು. ನನ್ನ ಗಂಡನಂತೂ ಕಬ್ಬಿನ ಲೋಡಿನ ಜೊತೆ ಪಾಂಡವಪುರಕ್ಕೆ ಹೋದರೆ ಅಲ್ಲೂ ತಮ್ಮನ ಸಂಬಳ ಹೇಳಿ ಬರುತ್ತಿದ್ದರು. ಮೈದುನನದು ಮಾತ್ರ ಫೋನಿನಲ್ಲಿ ಬೇರೆಯೇ ರಾಗ. "ಏನ್ ಉಳೀತದೆ ಅತ್ಗೆ, ಎಲ್ಲಾ ಸ್ಯಾನೆ ದುಬಾರಿ. ಒಂದು ಊಕೋಸು ಮುನ್ನೂರು ರೂಪಾಯಿ. ತಲೆ ಕಟಿಂಗ್‌ಗೆ ಸಾವ್ರದೈನೂರು. ಆಲೇ ಲೀಟ್ರಿಗೆ ನೂರಿಪ್ಪತ್ತೈದು."

ಹಾಲಿನ ದರ ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಆ ದೇಶದಲ್ಲಿ ಜನಕ್ಕಿಂತ ದನ ಹೆಚ್ಚು ಎಂದು ಹೇಳಿದವನೂ ಇವನೇ. ದನ ಅಷ್ಟಿದ್ದ ಮೇಲೆ ಹಾಲು ನಮಗಿಂತ ಎರಡು ಪಟ್ಟು ದುಬಾರಿ ಆಗುವುದು ಹೇಗೆ? ಸುಳ್ಳು ಹೇಳುವುದಕ್ಕೂ ಒಂದು ಲೆಕ್ಕ ಬೇಡವೇ? ಉಳಿಯುವುದಿಲ್ಲ, ಉಳಿಯುವುದಿಲ್ಲ ಎಂದು ಈಗಿನಿಂದಲೇ ಹಾಡಿಕೊಂಡು, ನಾಳೆ ಮುಯ್ಯಿ ಕೇಳಿದಾಗ ಕೈ ಎತ್ತಿಬಿಡುವ ಉಪಾಯ ಎಂದು ನನಗೆ ಖಚಿತವಾಯಿತು.

ನಾನು ಸುಮ್ಮನಿರುವ ಪೈಕಿ ಅಲ್ಲ. ನಮ್ಮ ದೊಡ್ಡಪ್ಪ ತೀರಿಕೊಂಡಾಗ ಬೂದಿ ಬಿಡುವುದಕ್ಕೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಕಾರ್ಯ ಮುಗಿದು, ಎಲ್ಲರೂ ಕೋಟೆ ಬಾಗಿಲ ಹತ್ತಿರ ಎಳನೀರು ಕುಡಿಯುತ್ತ ನಿಂತಿದ್ದಾಗ ಬಿಳಿಯ ಗಂಡಹೆಂಡಿರಿಬ್ಬರು ಬಂದರು. ಪಿಯುಸಿಯ ತನಕ ಓದಿದ ಇಂಗ್ಲಿಷು ನನ್ನಲ್ಲೂ ಇತ್ತು. ಹೋಗಿ, ನಿಮ್ಮ ಊರಿನಲ್ಲಿ ಹಾಲು ಲೀಟರಿಗೆ ಎಷ್ಟು ಎಂದು ಕೇಳಿಯೇಬಿಟ್ಟೆ. ಆ ಹೆಂಗಸು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಗಂಡನ ಜೊತೆ ಚರ್ಚೆ ಮಾಡಿ, ಸುಮಾರು ಒಂದು ಯೂರೋ ಎಂದಳು. ಒಂದು ಯೂರೋ ಎಂದರೆ ನೂರು ರೂಪಾಯಿ ಎಂದು ಎಳನೀರಿನವನೇ ಹೇಳಿದ. ಅಲ್ಲಿಗೆ ಮೈದುನ ಲೀಟರಿಗೆ ಇಪ್ಪತ್ತೈದು ರೂಪಾಯಿ ಸೇರಿಸಿ ಹೇಳಿದ್ದಾನೆ ಎಂದಾಯಿತು. ಕಳ್ಳ ಸಿಕ್ಕಿಬಿದ್ದ ಎಂಬ ಖುಷಿಯಲ್ಲಿ ಬಸ್ಸಿನ ತುಂಬ ಅದನ್ನೇ ಹೇಳಿಕೊಂಡು ಬಂದೆ.

ಮನೆಗೆ ಬಂದು ಫೋನು ಮಾಡಿದರೆ ಅವನು ಬಿದ್ದು ಬಿದ್ದು ನಕ್ಕ. "ಅತ್ಗೆ, ಅವ್ರು ಯಾವ ದೇಶದೋರೋ ಏನೋ! ಯೂರೋ ಅಂದ್ರೆ ಅದು ಬ್ಯಾರೆ ಕಡೆ. ಕೆ.ಆರ್. ಪೇಟೆ ಸಂತೆ ರೇಟು ಕಾಶ್ಮೀರದಲ್ಲಿ ಕೇಳ್ದಂಗಾಯ್ತು." ಫಾರಿನ್ ಎಂಬುದೆಲ್ಲ ಒಂದೇ ಊರು ಎನ್ನುವಂತೆ ನಾವು ಮಾತಾಡುತ್ತೇವಲ್ಲ, ನಾನೂ ಹಾಗೆಯೇ ಎಡವಿದ್ದೆ. ಆದರೆ ನಗಾಡಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಮಾತಿನಲ್ಲಿ ಬೇಡ, ಕಣ್ಣಿಗೇ ತೋರಿಸು ಎಂದು ಪಟ್ಟು ಹಿಡಿದೆ.

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡುವುದಕ್ಕೆ ಹೋದರೆ ಹಿರಿಯರು ನಡುಮನೆಯಲ್ಲಿ ಕೂತು ಮಾತಾಡುತ್ತಿರುತ್ತಾರೆ. ಹೆಂಗಸರು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ನುಗ್ಗುತ್ತೇವೆ, ಹಿತ್ತಲಿಗೆ ಹೋಗಿ ತಿಪ್ಪೆ ಎಷ್ಟು ದೊಡ್ಡದಿದೆ ಎಂದು ನೋಡುತ್ತೇವೆ. ದನ ಎಷ್ಟಿದೆ ಎಂದು ಬಾಯಿ ಸುಳ್ಳು ಹೇಳಬಹುದು, ತಿಪ್ಪೆ ಹೇಳುವುದಿಲ್ಲ. ಅದೇ ಕ್ರಮದಲ್ಲಿ ಮೈದುನನ ಮನೆಯನ್ನು ವಿಡಿಯೋ ಕಾಲಿನಲ್ಲಿ ನೋಡಿದೆ. ಫ್ರಿಜ್ಜು ತೆಗೆಸಿದೆ. ಮೊಟ್ಟೆ, ಅರ್ಧ ಕೋಸು, ಬ್ರೆಡ್ಡು. ಅಡುಗೆಮನೆಯ ಕಪಾಟು ತೆಗೆಸಿದೆ. ನಾನೇ ಕೊಟ್ಟು ಕಳಿಸಿದ್ದ ರಾಗಿ ಹಿಟ್ಟಿನ ಡಬ್ಬದ ತಳ ಕಾಣುತ್ತಿತ್ತು. ಅಂಗಡಿಯಿಂದ ತಂದ ಚೀಟಿಗಳನ್ನು ಕ್ಯಾಮೆರಾಕ್ಕೆ ಹಿಡಿಸಿ ಓದಿದೆ. ಹೂಕೋಸು ನಿಜಕ್ಕೂ ಮುನ್ನೂರರ ಹತ್ತಿರವೇ ಇತ್ತು, ಹಾಲೂ ಅವನು ಹೇಳಿದಷ್ಟೇ.

ಆ ಮೇಲೆ ರೂಪಾಯಿಯ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಿಡಿದೆ. ಮುಯ್ಯಿಯಲ್ಲಿ ಬೆಳೆದವಳಿಗೆ ಅದೇ ಸುಲಭ. ಅವನು ಒಂದು ಕಟಿಂಗಿಗೆ ಒಂದು ಗಂಟೆಗಿಂತ ತುಸು ಹೆಚ್ಚು ದುಡಿಯಬೇಕು, ಇಲ್ಲಿ ನಮ್ಮ ಗಂಡಾಳೂ ಅಷ್ಟೇ ದುಡಿಯಬೇಕು. ಅಲ್ಲಿಗೆ ಕ್ಷೌರ ಸಮಸಮ. ಆದರೆ ಒಂದು ಲೀಟರು ಹಾಲಿಗೆ ಅವನು ಆರು ನಿಮಿಷ ದುಡಿದರೆ ಸಾಕು. ನಮ್ಮೂರಿನಲ್ಲಿ ಕಳೆ ಕೀಳುವ ಹೆಣ್ಣಾಳು ಒಂದು ಗಂಟೆ ಬಗ್ಗಿರಬೇಕು. "ಇದೆಂಗಪ್ಪಾ ದುಬಾರಿ ಆಯ್ತು? ನಿಂಗೇ ಅಗ್ಗ ಅಲ್ವಾ?" ಎಂದೆ. "ಅಂಗೆ ಲೆಕ್ಕ ಆಕ್ದೋರು ನೀವೊಬ್ರೇ ಅತ್ಗೆ" ಎಂದ. ಹೊಗಳಿ ಬಾಯಿ ಮುಚ್ಚಿಸುವ ಹುನ್ನಾರ ಎಂದುಕೊಂಡೆ.

ಇನ್ನೊಂದು ಬೆಳಿಗ್ಗೆ ನಾನು ಡೈರಿಗೆ ಹಾಲು ಹಾಕಿ ಬಂದು ಫೋನು ಮಾಡಿದಾಗ ಅಲ್ಲಿ ಮಧ್ಯಾಹ್ನದ ಕರೆಯುವ ಹೊತ್ತು. ಅವನು ಫೋನನ್ನು ಗೋಡೆಗೆ ಒರಗಿಸಿದ್ದ. ಹಿಂದೆ ಹಸುಗಳ ಸಾಲು, ಪೈಪುಗಳು, ಮೆಷಿನ್ನಿನ ಸದ್ದು. ಅವನ ಪಕ್ಕದಲ್ಲೇ ರಬ್ಬರಿನ ಅಂಗಿ ತೊಟ್ಟ ಒಬ್ಬ ಹೆಂಗಸು. ನನ್ನ ವಯಸ್ಸಿನವಳು, ನರೆತ ಕೂದಲು.

"ಯಾರದು?" ಎಂದೆ. ನನ್ನ ದನಿ ಹೇಗಿತ್ತೆಂದರೆ ಅವನು ಗಾಬರಿಯಾದ.

"ಅಯ್ಯೋ, ಜೊತೇಲಿ ಕೆಲ್ಸ ಮಾಡೋರು ಕಣತ್ಗೆ. ಮೊಮ್ಮಕ್ಳು ಅವ್ರೆ ಅವ್ರಿಗೆ."

"ಅವ್ಳಿಗೆಷ್ಟು ಕೊಡ್ತಾರೆ?"

"ನಂಗೆಷ್ಟೋ ಅಷ್ಟೇಯ. ಗಂಟೆಗೆ ಒಂದೇ ರೇಟು."

"ಹೆಣ್ಣಾಳಿಗೂ?"

"ಇಲ್ಲಿ ಹೆಣ್ಣಾಳು ಗಂಡಾಳು ಅಂತ ಇಲ್ಲ. ಆಳು ಅಷ್ಟೇ."

ಇದನ್ನೂ ನಂಬಲಿಲ್ಲ. ಅವಳ ಹತ್ತಿರವೇ ಕೇಳಿಸು ಎಂದೆ. ಅವನು ನಾಚಿಕೊಂಡು ಕೇಳಿದ. ಅವಳು ಕೈಗವಸು ಬಿಚ್ಚಿ ಫೋನಿನ ಹತ್ತಿರ ಬಂದು, ಹೌದು ಎಂದು ತಲೆಯಾಡಿಸಿ, ನನ್ನ ಹಿಂದೆ ಕಾಣುತ್ತಿದ್ದ ಹಸುವನ್ನು ತೋರಿಸಿ ಏನೋ ಹೇಳಿದಳು. ಚೆನ್ನಾಗಿ ಸಾಕಿದ್ದೀರಿ ಎಂದಳಂತೆ. ಫೋನು ಇಟ್ಟ ಮೇಲೆ ನಾನು ಸಗಣಿ ಬಾಚುವುದನ್ನು ಬಿಟ್ಟು ಬಹಳ ಹೊತ್ತು ಕೊಟ್ಟಿಗೆಯ ಕಲ್ಲಿನ ಮೇಲೆ ಕೂತಿದ್ದೆ. ಹೊಟ್ಟೆಕಿಚ್ಚೇ ಅದು. ಬೇರೆ ಹೆಸರು ಇಡುವುದಿಲ್ಲ.

ಮೂರನೆಯ ವರ್ಷ ಮೈದುನ ಒಂದು ತಿಂಗಳ ರಜಕ್ಕೆ ಬಂದ. ಮೈ ಕೈ ತುಂಬಿಕೊಂಡಿದ್ದ. ಮತ್ತೆ ಮೂರು ವರ್ಷಕ್ಕೆ ಹೋಗುವವನಿದ್ದ, ಹಸುಗಳು ನನ್ನ ಹತ್ತಿರವೇ ಇರಬೇಕು ಎಂಬ ಆಸೆ ಅವನಿಗೆ. ಬಂದ ಎರಡನೆಯ ಸಂಜೆ, ಅವನೇ ಮಾತು ತೆಗೆದ. "ಅಣ್ಣ, ಅತ್ಗೆ ಮುಯ್ಯಿ ಉಳ್ಕಂಡದೆ. ಇಷ್ಟು ವರ್ಷದ್ದು ನಿಂತ್ಕಂಡು ತೀರ್ಸಕ್ಕೆ ರಜ ಇಲ್ಲ. ದುಡ್ಡಿನ ಲೆಕ್ಕದಲ್ಲಿ ಕೊಟ್ಬುಡ್ತೀನಿ, ಎಷ್ಟಾಯ್ತು ಹೇಳಿ."

ಮುಯ್ಯಿಯ ಮಾತು ಅವನ ಬಾಯಿಂದಲೇ ಬಂದಾಗ ನನ್ನ ಅನುಮಾನದ ಹಿಡಿತ ಮೊದಲ ಸಲ ಸಡಿಲವಾಯಿತು. ಜಗಲಿಯ ಕಂಬಕ್ಕೆ ಒರಗಿದ್ದ ಗಂಡ ಲೆಕ್ಕ ಹಾಕುವುದಕ್ಕೆ ಮುಂದಾದರು. ನಾನು ಅವರೆಕಾಯಿ ಸುಲಿಯುತ್ತ ಅಲ್ಲೇ ಕೂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

"ನೋಡ್ಲಾ, ಬೆಳಿಗ್ಗೆ ಸಂಜೆ ಎಲ್ಡೊತ್ತೂ ಸೇರುದ್ರೆ ಅರ್ಧ ಆಳಿನ ಕೆಲ್ಸ. ಅದ್ರಲ್ಲೂ ಹೆಣ್ಣಾಳು. ನಮ್ ಕಡೆ ಎಲ್ಡು ಹೆಣ್ಣಾಳು ಅಂದ್ರೆ ಒಂದು ಗಂಡಾಳು. ಅಲ್ಲಿಗೆ ದಿನಕ್ಕೆ ಕಾಲು ಆಳು. ಮನೆಯೋಳು ಅಲ್ವಾ, ಅದ್ರಲ್ಲೂ ಒಸಿ ಕಮ್ಮಿ ಮಾಡ್ಕಂಡು ಕೊಡು."

ಕಾಲು ಆಳು. ಈ ಮನುಷ್ಯ ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೈ ಎತ್ತಿದವರಲ್ಲ, ನನಗೆ ಜ್ವರ ಬಂದರೆ ಆಸ್ಪತ್ರೆಗೆ ಓಡುವವರು. ಅವರ ಬಾಯಿಂದ ಅಷ್ಟು ಸಲೀಸಾಗಿ ಆ ಮಾತು ಬಂತು. ನ್ಯೂಜಿಲೆಂಡಿನ ಹಾಲಿನ ದರವನ್ನು ಜಾಲಾಡಿದ ನಾನು ನನ್ನ ಮನೆಯ ದರವನ್ನು ಕೇಳಿಯೇ ಇರಲಿಲ್ಲ. ಕೈಯಲ್ಲಿದ್ದ ಅವರೆಕಾಯಿ ಮೊರದಲ್ಲಿ ಹಾಕಿ ಮೈದುನನ ಕಡೆ ತಿರುಗಿದೆ.

"ನಿಮ್ಮಣ್ಣನ ಲೆಕ್ಕ ಬುಡು. ನೀನ್ ಹೇಳು. ಇದೇ ಕೆಲ್ಸ ನಿನ್ ದೇಶದಲ್ಲಿ ನಾ ಮಾಡಿದ್ರೆ ಎಷ್ಟು ಕೊಡ್ತಿದ್ದೆ?"

ಅವನು ಅಣ್ಣನನ್ನೂ ನನ್ನನ್ನೂ ನೋಡಿದ. ತಲೆ ತಗ್ಗಿಸಿದ. "ಅಲ್ಲಾಗಿದ್ರೆ ನಿಮ್ ಕೂಲಿ ಕೊಡೋ ತಾಕತ್ತು ನಂಗಿರ್ತಿರ್ನಿಲ್ಲ ಅತ್ಗೆ. ಎಲ್ಡು ಹಸೀನ ಆಲು ಮಾರುದ್ರೆ ನಿಮ್ ಒಂದೊತ್ತಿನ ಕೂಲಿಗೂ ಸಾಲ್ತಿರ್ನಿಲ್ಲ."

"ಅದು ಫಾರಿನ್ನು ಕಣ್ಲಾ," ಎಂದರು ಇವರು, "ಅಲ್ಲೀ ಲೆಕ್ಕ ಇಲ್ಲಿ ನಡೀತದಾ?"

"ಹಸು ಅಲ್ಲೂ ಒದೀತದೆ ಅಣ್ಣ, ಇಲ್ಲೂ ಒದೀತದೆ," ಎಂದ ಅವನು. ಹಾಗೆ ಹೇಳಿ, ಆ ದಿನದಿಂದ ತನ್ನ ಹಸುಗಳ ಹಾಲಿನ ದುಡ್ಡೆಲ್ಲ ಅತ್ತಿಗೆಗೇ ಸೇರಲಿ, ರಜ ಮುಗಿಯುವ ತನಕ ನಾಲ್ಕು ಹಸುವನ್ನೂ ಎರಡು ಹೊತ್ತೂ ತಾನೇ ಕರೆಯುತ್ತೇನೆ ಎಂದ. ನಾನು ಹಿಗ್ಗಲಿಲ್ಲ. ಡೈರಿಯಲ್ಲಿ ಆ ಹಾಲು ನನ್ನ ಹೆಸರಿಗೆ ಮೊದಲು ಬರಲಿ, ಆಮೇಲೆ ಮಾತು ಎಂದೆ. ಮಾರನೆಯ ದಿನವೇ ಹೋಗಿ ಮಾಡಿಸಿಕೊಟ್ಟ. ಆಗಲೂ ಡೈರಿಯವರನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಅದರ ಮರುದಿನ ಬೆಳಗಾಗುವಾಗ ಕೊಟ್ಟಿಗೆಯಲ್ಲಿ ಅವನ ಸದ್ದು ಕೇಳಿಸಿತು. ಮೆಷಿನ್ನಿಗೆ ಒಗ್ಗಿದ ಕೈ, ಹಾಲಿನ ಧಾರೆ ತಡೆತಡೆದು ಬಕೆಟ್ಟಿಗೆ ಬೀಳುತ್ತಿತ್ತು. ಎದ್ದು ಹೋಗಿ ಹೇಳಿಕೊಡಬೇಕು ಎಂದು ಕಾಲು ತುಡಿಯಿತು. ಹೋಗಲಿಲ್ಲ. ಮದುವೆಯಾಗಿ ಬಂದ ಮೇಲೆ ಆ ಹೊತ್ತಿನಲ್ಲಿ ನಾನು ಹಾಸಿಗೆಯಲ್ಲಿ ಇದ್ದದ್ದು ಬಾಣಂತನದಲ್ಲಿ ಮಾತ್ರ. ಪಕ್ಕದಲ್ಲಿ ಗಂಡನಿಗೂ ಎಚ್ಚರವಾಗಿತ್ತು.

"ನಿಮ್ ತಮ್ಮ ಅವ್ನೆಲ್ಡು ಹಸೀನ ಮುಯ್ಯಿ ತೀರಿಸ್ತಾವ್ನೆ," ಎಂದೆ. "ನಮ್ಮೆಲ್ಡು ಹಸೀನದು?"

ಅವರು ಮಗ್ಗುಲು ಬದಲಿಸಿದರು. ರೇಗುತ್ತಾರೆ ಎಂದುಕೊಂಡೆ. ರೇಗಲಿಲ್ಲ. "ನಾವ್ ನಾವೇ ಕಣಮ್ಮಿ. ಅದ್ಕೆ ಮುಯ್ಯಿ ಎಲ್ಲಿಂದ ತರ್ಲಿ?" ಎಂದು ಮೆಲ್ಲಗೆ ಕೇಳಿದರು. ಅವರಿಗೆ ನಿಜವಾಗಲೂ ಗೊತ್ತಿರಲಿಲ್ಲ.

ನಾನು ಕಂಬಳಿಯೊಳಗಿಂದ ಕೈ ತೆಗೆದು ಕೊಟ್ಟಿಗೆಯ ಕಡೆ ತೋರಿಸಿದೆ. "ಅಲ್ಲಿಂದ," ಎಂದೆ.

ಅವರು ಎದ್ದು, ಟವಲು ಹೆಗಲಿಗೆ ಹಾಕಿಕೊಂಡು ಹೋದರು. ಮೈದುನ ನ್ಯೂಜಿಲೆಂಡಿಗೆ ವಾಪಸು ಹೋಗಿ ಈಗ ಬಹಳ ದಿನವಾಯಿತು. ಬೆಳಗಿನ ಹೊತ್ತು ಇವರಿನ್ನೂ ಕೊಟ್ಟಿಗೆಗೆ ಹೋಗುತ್ತಿದ್ದಾರೆ. ಎಷ್ಟು ದಿನ ಹೋಗುತ್ತಾರೋ, ನನಗಂತೂ ನಂಬಿಕೆಯಿಲ್ಲ.